ಎಂಜಿನಿನ ಕಿಡಿಯ ವೇಳೆಯೂ ಟೈಮಿಂಗ್ ದೀಪದ ಪರೀಕ್ಷೆಯೂ

ಒಕ್ಕಲುತನವೆಂಬುದು ವೇಳೆಯನ್ನರಿತು ಮಾಡತಕ್ಕ ಕೆಲಸವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇಲ್ಲ. ಏಣಿಲಿನ ನೇಜಿಯನ್ನು ಹದಿನೈದು ದಿನ ತಡೆದು ನೆಟ್ಟವನ ಗದ್ದೆಯೂ ಸಕಾಲದಲ್ಲಿ ನೆಟ್ಟವನ ಗದ್ದೆಯೂ ಕೊಯಿಲಿನ ದಿನ ಒಂದೇ ಆಗಿರುವುದಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಅಡಿಕೆಯ ಕೊಳೆರೋಗದ ಕಾರಣವನ್ನು ಪರಿಶೋಧಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಆ ಔಷಧದ ಗುಣವೆಲ್ಲವೂ ವೇಳೆಯಲ್ಲಿಯೇ ನಿಂತಿದೆ. ಮುಂಗಾರು ಹಿಡಿಯುವುದಕ್ಕೆ ಮೊದಲು ಗೊನೆಗೆ ತಗಲಿದ ದ್ರಾವಣವು ಕಾಯುತ್ತದೆ. ರೋಗ ಹಿಡಿದ ಮೇಲೆ ಸಿಂಪಡಿಸಿದ್ದು ಬಹುಮಟ್ಟಿಗೆ ವ್ಯರ್ಥವಾಗುತ್ತದೆ.

ಬೆಳೆಯ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ನಾವು, ನಮ್ಮ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿರುವ ಎಂಜಿನಿನ ವಿಷಯದಲ್ಲಿ ಮಾತ್ರ ವೇಳೆಯ ವಿಚಾರವನ್ನು ಲಕ್ಷಿಸುವುದಿಲ್ಲ. ಎಂಜಿನಿಗೂ ಒಂದು ಹದವಿದೆ. ಪೆಟ್ರೋಲಿನ ಆವಿಯನ್ನು ಹೊತ್ತಿಸತಕ್ಕ ಕಿಡಿಯು ಯಾವ ಕ್ಷಣದಲ್ಲಿ ಹಾರಬೇಕೋ ಆ ಕ್ಷಣದಲ್ಲಿಯೇ ಹಾರಬೇಕು. ಆ ಕ್ಷಣವನ್ನು ಕಂಡುಹಿಡಿಯುವುದಕ್ಕಾಗಿ ಇರುವ ಉಪಕರಣವೇ ಟೈಮಿಂಗ್ ದೀಪ. ಈ ದೀಪವನ್ನು ನಂಬುವುದಕ್ಕೆ ಮೊದಲು ದೀಪವನ್ನೇ ಪರೀಕ್ಷಿಸಬೇಕು ಎಂಬುದೂ, ಆ ಕೆಲಸವು ಒಬ್ಬೊಬ್ಬರ ಮನೆಯ ಕೆಲಸವಾಗಿ ಉಳಿಯದೆ ಊರಿನ ಕೆಲಸವಾಗಬೇಕು ಎಂಬುದೂ ಈ ಲೇಖನದ ಅಭಿಪ್ರಾಯವಾಗಿದೆ. ಈ ಅಭಿಪ್ರಾಯವು ನನಗೆ ಪುಸ್ತಕದಿಂದ ಬಂದುದಲ್ಲ, ನಷ್ಟದಿಂದ ಬಂದುದು.

ನನ್ನಲ್ಲಿ ಅಡಿಕೆಯನ್ನೂ ಗೊಬ್ಬರವನ್ನೂ ಸಾಗಿಸುವುದಕ್ಕೆ ಒಂದು ಹಳೆಯ ಪೆಟ್ರೋಲು ಜೀಪು ಇದೆ. ಕೆಲವು ವರ್ಷಗಳ ಹಿಂದೆ, ಮಳೆ ಹಿಡಿಯುವುದಕ್ಕೆ ಹದಿನೈದು ದಿನ ಮೊದಲು, ತೀರ್ಥಹಳ್ಳಿಯ ಕಡೆಯಿಂದ ಅಡಿಕೆ ಸಸಿಗಳನ್ನು ತರಬೇಕಾಗಿತ್ತು. ಜೀಪು ಏರಿನಲ್ಲಿ ಸೊರಗುತ್ತಿದ್ದುದರಿಂದ, ನಮ್ಮಲ್ಲಿ ಯಂತ್ರದ ಕೆಲಸವನ್ನು ಬಲ್ಲ ಹುಡುಗನೊಬ್ಬನನ್ನು ಕರೆಯಿಸಿ, ಸಂಬಂಧಿಕರೊಬ್ಬರಲ್ಲಿದ್ದ ಟೈಮಿಂಗ್ ದೀಪವನ್ನು ಎರವಲು ತಂದು ಅವನ ಕೈಗೆ ಕೊಟ್ಟೆನು. ಅವನು ದೀಪವನ್ನು ತಿರುಗಿಸಿ ನೋಡಿ, “ಧನಿಗಳೇ, ಇದರ ಹಿಂದೆ ಒಂದು ತಿರುಪು ಇದೆ, ಅದರ ಅಂಕಿಗಳು ಮಾಸಿವೆ. ಮೊದಲು ಸರಿಯಾದ ಇನ್ನೊಂದು ಎಂಜಿನಿಗೆ ಇಟ್ಟು ನೋಡೋಣ” ಎಂದನು. ನನಗೆ ಅವಸರವಿತ್ತು. “ದೀಪ ಹೊಸದು, ಎಂಜಿನು ಹಳೆಯದು. ದೀಪ ಹೇಳಿದಂತೆ ಮಾಡು” ಎಂದು ಅಪ್ಪಣೆ ಕೊಟ್ಟೆನು. ಅವನು ಮರುಮಾತಾಡದೆ ಮಾಡಿದನು.

ಮರುದಿನ ಬೆಳಗ್ಗೆ ಎಂಜಿನು ಚಾಲು ಮಾಡುವಾಗಲೇ ಹಿಂದಕ್ಕೆ ಒದೆಯಿತು. ಸೋಮೇಶ್ವರವನ್ನು ದಾಟಿ ಆಗುಂಬೆಯ ಘಾಟಿಯನ್ನು ಏರತೊಡಗಿದ ಕೂಡಲೆ, ತಗಡಿನ ಡಬ್ಬಿಯಲ್ಲಿ ಗೋಲಿಗಳನ್ನು ಹಾಕಿ ಅಲುಗಿಸಿದಂತಹ ಸದ್ದು ಕೇಳಿಬಂದಿತು. ಅದನ್ನು ಲಕ್ಷಿಸದೆ ಏರಿದೆವು. ಅರ್ಧ ಘಾಟಿಯಲ್ಲಿ ಎಂಜಿನು ನಿಂತಿತು. ಬಿಚ್ಚಿ ನೋಡಲಾಗಿ ಒಂದು ಪಿಸ್ಟನಿನ ನೆತ್ತಿಯು ಸುಟ್ಟು ತೂತಾಗಿದ್ದಿತು. ರಿಪೇರಿಯಾಗಿ ಜೀಪು ಮನೆಗೆ ಬರುವಷ್ಟರಲ್ಲಿ ಮಳೆಯೂ ಬಂದಿತ್ತು. ಆ ವರ್ಷ ಸಸಿ ನೆಡುವ ಹೊಂಡಗಳೆಲ್ಲ ನೀರು ತುಂಬಿಕೊಂಡು ಖಾಲಿಯಾಗಿಯೇ ಉಳಿದವು. ಕಾರಣವನ್ನು ಹುಡುಕಿದಾಗ, ಮಾಸಿದ್ದ ಆ ತಿರುಪು ಸೊನ್ನೆಯಲ್ಲಿರದೆ ಹನ್ನೆರಡರಲ್ಲಿ ನಿಂತಿತ್ತೆಂದು ತಿಳಿಯಿತು. ದೀಪದಲ್ಲಿ ಐದು ಎಂದು ಕಂಡಿದ್ದು ವಾಸ್ತವದಲ್ಲಿ ಹದಿನೇಳಾಗಿದ್ದಿತು. ತಪ್ಪು ಹುಡುಗನದಲ್ಲ, ದೀಪದ್ದೂ ಅಲ್ಲ. ಬಲ್ಲವನ ಮಾತನ್ನು ಕೇಳದ ಯಜಮಾನನದು. ಇದನ್ನು ಬರೆಯುವುದಕ್ಕೆ ಸಂಕೋಚವಾದರೂ, ನನ್ನಂತಹ ಯಜಮಾನರು ಇನ್ನೂ ಹಲವರಿರುವರೆಂಬ ನಂಬಿಕೆಯಿಂದ ಬರೆದಿದ್ದೇನೆ.

ಕಿಡಿಯು ಮೊದಲೇ ಹಾರಬೇಕಾದ ಕಾರಣ

ಪಿಸ್ಟನು ಮೇಲಿನ ತುದಿಗೆ ಏರಿ ಆವಿಯನ್ನು ಒತ್ತಿದ ಮೇಲೆ ಕಿಡಿ ಹಾರಿದರೆ ಸಾಲದೇ ಎಂದು ಕೆಲವರು ಕೇಳುವುದುಂಟು. ಸಾಲದು. ಆವಿಯು ಹೊತ್ತಿ ಉರಿದು ಪೂರ್ಣ ಒತ್ತಡವನ್ನು ಕೊಡುವುದಕ್ಕೆ ಸ್ವಲ್ಪ ಕಾಲ ಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನು ಸೆಕೆಂಡಿಗೆ 50 ಸುತ್ತು, ಅಂದರೆ 18,000 ಡಿಗ್ರಿಗಳಷ್ಟು ತಿರುಗುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲದಲ್ಲಿ ಅದು 18 ಡಿಗ್ರಿ ಮುಂದೆ ಹೋಗಿರುತ್ತದೆ. ಆದುದರಿಂದ ಪಿಸ್ಟನು ಮೇಲ್ತುದಿಯನ್ನು ಮುಟ್ಟುವುದಕ್ಕೆ ಮೊದಲೇ ಕಿಡಿ ಹಾರಿದರೆ ಮಾತ್ರ, ಉರಿಯ ಬಲವು ಪಿಸ್ಟನು ಕೆಳಗಿಳಿಯುವ ಹೊತ್ತಿಗೆ ಸರಿಯಾಗಿ ಒದಗುತ್ತದೆ. ಎಂಜಿನು ನಿಧಾನವಾಗಿ ತಿರುಗುವಾಗ ಈ ಮುಂಗಡವು ಕಡಿಮೆ ಸಾಕು. ವೇಗವಾಗಿ ತಿರುಗುವಾಗ ಹೆಚ್ಚು ಬೇಕು. ಆದಕಾರಣವೇ ಡಿಸ್ಟ್ರಿಬ್ಯೂಟರಿನ ಒಳಗೆ ಸ್ಪ್ರಿಂಗಿಗೆ ಕಟ್ಟಿದ ಎರಡು ಚಿಕ್ಕ ತೂಕಗಳಿರುತ್ತವೆ. ವೇಗ ಏರಿದಂತೆ ಅವು ಹೊರಕ್ಕೆ ಸರಿದು ಕಿಡಿಯನ್ನು ಮುಂದಕ್ಕೆ ತರುತ್ತವೆ.

ಕಿಡಿಯು ಅತಿ ಮೊದಲಾದರೆ, ಏರುತ್ತಿರುವ ಪಿಸ್ಟನಿನ ನೆತ್ತಿಗೇ ಪೆಟ್ಟು ಬೀಳುತ್ತದೆ. ಚಾಲು ಮಾಡುವಾಗ ಹಿಡಿಕೆಯು ಹಿಂದಕ್ಕೆ ಒದೆಯುವುದು, ಏರಿನಲ್ಲಿ ಗೋಲಿ ಸದ್ದು, ಎಂಜಿನು ಕಾಯುವುದು, ಕೊನೆಗೆ ಪಿಸ್ಟನು ಸುಡುವುದು, ಇವು ಅದರ ಲಕ್ಷಣಗಳು. ಕೈಹಿಡಿಕೆಯಿಂದ ಚಾಲು ಮಾಡುವ ಯಂತ್ರಗಳಲ್ಲಿ ಮಣಿಕಟ್ಟು ಮುರಿಯುವುದೂ ಉಂಟು. ಕಿಡಿಯು ಅತಿ ತಡವಾದರೆ, ಬಲ ಸಾಲದು, ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ, ಉರಿಯು ಹೊರಹೋಗುವ ಕೊಳವೆಯವರೆಗೂ ಬಂದು ಸೈಲೆನ್ಸರು ಕೆಂಪಗೆ ಕಾಯುತ್ತದೆ. ಎರಡರಿಂದಲೂ ನಷ್ಟವೇ ಆದರೂ ಮೊದಲನೆಯದು ಎಂಜಿನಿನ ಪ್ರಾಣವನ್ನೇ ತೆಗೆಯುವಂಥದು.

ದೀಪದ ಗುಟ್ಟು

ಆಷಾಢದ ಕತ್ತಲೆ ರಾತ್ರಿಯಲ್ಲಿ ಗಾಳಿಮಳೆಗೆ ಹೊಯ್ದಾಡುತ್ತಿರುವ ಅಡಿಕೆ ಮರವು ಮಿಂಚಿನ ಬೆಳಕಿನಲ್ಲಿ ಕದಲದೆ ನಿಂತಂತೆ ಕಾಣುವುದನ್ನು ನಾವೆಲ್ಲರೂ ಜಗಲಿಯಿಂದ ನೋಡಿದ್ದೇವೆ. ಮಿಂಚು ಅಷ್ಟು ಕ್ಷಣಿಕವಾದುದರಿಂದ ಮರಕ್ಕೆ ಅದರ ಬೆಳಕಿನಲ್ಲಿ ಅಲುಗಲು ಸಮಯವಿಲ್ಲ. ಟೈಮಿಂಗ್ ದೀಪದ ಗುಟ್ಟು ಇಷ್ಟೇ. ತಿರುಗುವ ವಸ್ತುವನ್ನು ತಡೆತಡೆದು ನೋಡಿದರೆ ನಿಂತಂತೆ ಕಾಣುವುದೆಂಬುದನ್ನು ಬೆಲ್ಜಿಯಂ ದೇಶದ ಜೋಸೆಫ್ ಪ್ಲಾಟೋ ಎಂಬವರೂ ಆಸ್ಟ್ರಿಯಾ ದೇಶದ ಸೈಮನ್ ಸ್ಟಾಂಫರ್ ಎಂಬವರೂ 1832ರಲ್ಲಿ ಬೇರೆಬೇರೆಯಾಗಿ ತೋರಿಸಿದರು. ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ನರು 1930ರ ದಶಕದಲ್ಲಿ ವಿದ್ಯುತ್ತಿನಿಂದ ಮಿಂಚುವ ದೀಪಗಳನ್ನು ಸಿದ್ಧಪಡಿಸಿ ಈ ವಿದ್ಯೆಯನ್ನು ಕಾರ್ಖಾನೆಗಳಿಗೂ ತಂದರು.

ಈಗಿನ ದೀಪಕ್ಕೆ ಮೂರು ತಂತಿಗಳಿರುತ್ತವೆ. ಎರಡು ಬ್ಯಾಟರಿಗೆ, ಮೂರನೆಯದರ ತುದಿಯಲ್ಲಿರುವ ಚಿಮುಟವು ಒಂದನೆಯ ಸಿಲಿಂಡರಿನ ಪ್ಲಗ್ಗಿನ ತಂತಿಯನ್ನು ಕಚ್ಚಿಕೊಳ್ಳುತ್ತದೆ. ಆ ತಂತಿಯಲ್ಲಿ ಕಿಡಿಯ ವಿದ್ಯುತ್ತು ಹರಿದಾಗಲೆಲ್ಲ ದೀಪವು ಒಮ್ಮೆ ಮಿಂಚುತ್ತದೆ. ಆ ಬೆಳಕನ್ನು ಕ್ರ್ಯಾಂಕಿನ ಪುಲ್ಲಿಯ ಮೇಲೆ ಅಥವಾ ಫ್ಲೈವೀಲಿನ ಮೇಲೆ ಹಿಡಿದರೆ, ಅಲ್ಲಿ ಕೊರೆದಿರುವ ಗುರುತು ನಿಂತಂತೆ ಕಾಣುತ್ತದೆ. ಪಕ್ಕದಲ್ಲಿರುವ ಅಂಕಿಯೊಡನೆ ಹೋಲಿಸಿ, ಕಿಡಿಯು ಎಷ್ಟು ಡಿಗ್ರಿ ಮೊದಲು ಹಾರುತ್ತಿದೆಯೆಂದು ತಿಳಿಯಬಹುದು. ನಾಲ್ಕು ಸಿಲಿಂಡರಿನ ಹಳೆಯ ವಿಲ್ಲೀಸ್ ಮಾದರಿಯ ಪೆಟ್ರೋಲು ಜೀಪಿನಲ್ಲಿ ಕಿಡಿಯ ಸರದಿಯು 1-3-4-2; ಎಂಜಿನು ನಿಧಾನವಾಗಿ ತಿರುಗುವಾಗ ಕಿಡಿಯು ಮೇಲ್ತುದಿಗೆ 5 ಡಿಗ್ರಿ ಮೊದಲು ಹಾರಬೇಕು. ಬೇರೆ ಎಂಜಿನುಗಳಿಗೆ ಬೇರೆ ಲೆಕ್ಕವಿರುವುದರಿಂದ ತಯಾರಕರ ಪುಸ್ತಕವನ್ನೇ ಪ್ರಮಾಣವೆಂದು ತಿಳಿಯತಕ್ಕದ್ದು.

ದೀಪವು ಸರಿಯಾಗಿ ತೋರಿಸದಿದ್ದರೆ

ದೀಪವು ಮಿಂಚದಿದ್ದರೂ ಗುರುತು ಎಲ್ಲೆಲ್ಲೋ ಕಂಡರೂ ಡಿಸ್ಟ್ರಿಬ್ಯೂಟರಿಗೆ ಕೈ ಹಾಕಬಾರದು. ಮೊದಲು ಈ ಕೆಳಗಿನ ಕ್ರಮದಲ್ಲಿ ವಿಚಾರಿಸಬೇಕು.

(1) ದೀಪವು ಸ್ವಲ್ಪವೂ ಮಿಂಚದಿದ್ದರೆ ಬ್ಯಾಟರಿಯ ಕಡೆ ನೋಡಬೇಕು. ಧನ ಋಣಗಳು ಅದಲುಬದಲಾಗಿವೆಯೇ, ಕೊಂಡಿಗಳಿಗೆ ಕಿಲುಬು ಹಿಡಿದಿದೆಯೇ ಎಂದು ಪರೀಕ್ಷಿಸಬೇಕು. ಸಾಧಾರಣವಾಗಿ ದೀಪಗಳು 12 ವೋಲ್ಟಿನವು. ಕೆಲವು ಹಳೆಯ ಬಂಡಿಗಳಲ್ಲಿ 6 ವೋಲ್ಟಿನ ಬ್ಯಾಟರಿ ಇರುತ್ತದೆ. ಮ್ಯಾಗ್ನೆಟೋ ಇರುವ ಪಂಪುಗಳಲ್ಲಿ ಬ್ಯಾಟರಿಯೇ ಇರುವುದಿಲ್ಲ. ಅಂಥಲ್ಲಿ ಬೇರೆಯ 12 ವೋಲ್ಟ್ ಬ್ಯಾಟರಿಯೊಂದನ್ನು ಪಕ್ಕದಲ್ಲಿಟ್ಟು ದೀಪಕ್ಕೆ ಕೊಡಬೇಕು.

(2) ಬ್ಯಾಟರಿ ಸರಿಯಿದ್ದೂ ಮಿಂಚದಿದ್ದರೆ ಚಿಮುಟವನ್ನು ನೋಡಬೇಕು. ಅದರ ಬಾಯಲ್ಲಿ ಎಣ್ಣೆ, ಮಣ್ಣು ಸೇರಿ ಪೂರ್ತಿ ಮುಚ್ಚಿಕೊಳ್ಳದಿದ್ದರೆ ಕೆಲಸ ಮಾಡುವುದಿಲ್ಲ. ಅನೇಕ ಚಿಮುಟಗಳ ಮೇಲೆ ಒಂದು ಬಾಣದ ಗುರುತಿರುತ್ತದೆ. ಅದು ಪ್ಲಗ್ಗಿನ ಕಡೆಗೆ ಮುಖಮಾಡಿರಬೇಕು. ಅದರೊಳಗಿನ ಕಪ್ಪು ಕಲ್ಲಿನಂತಹ ತುಂಡು ಬಿದ್ದು ಒಡೆದಿದ್ದರೆ ದೀಪವು ತಡೆತಡೆದು ಮಿಂಚುವುದು ಅಥವಾ ಮಿಂಚದೆಯೇ ಇರುವುದು.

(3) ಮಿಂಚು ತಪ್ಪಿತಪ್ಪಿ ಬರುತ್ತಿದ್ದರೆ ದೋಷವು ದೀಪದ್ದೋ ಎಂಜಿನಿನದೋ ಎಂದು ಬೇರ್ಪಡಿಸಬೇಕು. ಚಿಮುಟವನ್ನು ಒಂದಾದ ಮೇಲೊಂದರಂತೆ ಉಳಿದ ಪ್ಲಗ್ಗುಗಳ ತಂತಿಗಳಿಗೂ ಹಾಕಿ ನೋಡಬೇಕು. ಒಂದನೆಯ ತಂತಿಯಲ್ಲಿ ಮಾತ್ರ ಮಿಂಚು ತಪ್ಪಿದರೆ, ಆ ತಂತಿಯಲ್ಲೋ ಪ್ಲಗ್ಗಿನಲ್ಲೋ ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲೋ ಕೊರತೆಯಿದೆ. ದೀಪವು ಸತ್ಯವನ್ನೇ ಹೇಳುತ್ತಿದೆ. ನಾಲ್ಕರಲ್ಲಿಯೂ ತಪ್ಪಿದರೆ, ಅದೇ ದೀಪವನ್ನು ಚೆನ್ನಾಗಿ ನಡೆಯುವ ಮತ್ತೊಂದು ಎಂಜಿನಿಗೆ ಹಾಕಬೇಕು. ಅಲ್ಲಿ ಸರಿಯಾಗಿ ಮಿಂಚಿದರೆ, ನಮ್ಮ ಎಂಜಿನಿನ ಪಾಯಿಂಟು, ಕಂಡೆನ್ಸರು, ಕಾಯಿಲುಗಳನ್ನು ಪರೀಕ್ಷಿಸತಕ್ಕದ್ದು. ಅಲ್ಲಿಯೂ ತಪ್ಪಿದರೆ ದೀಪವನ್ನು ಬದಿಗಿಡತಕ್ಕದ್ದು. ನಮ್ಮ ಸೀಮೆಯ ಮಳೆಗಾಲದಲ್ಲಿ ಮುಚ್ಚಳದ ಒಳಗೆ ತೇವ ಸೇರಿ ಕಿಡಿಯು ದಾರಿ ತಪ್ಪುವುದು ಸರ್ವೇಸಾಧಾರಣ. ಒಣಬಟ್ಟೆಯಿಂದ ಒರಸಿದರೆ ಅರ್ಧ ರೋಗ ಅಲ್ಲಿಯೇ ವಾಸಿಯಾಗುತ್ತದೆ.

(4) ಮಿಂಚು ಒಂದೇ ಸಮನಾಗಿ ಬಂದರೂ ಗುರುತು ಕಾಣದಿದ್ದರೆ, ಮೊದಲು ಪುಲ್ಲಿಯ ಮೇಲಿನ ಜಿಡ್ಡನ್ನು ಉಜ್ಜಿ ತೆಗೆದು ಗುರುತಿಗೆ ಸುಣ್ಣವನ್ನೋ ಬಿಳಿ ಬಣ್ಣವನ್ನೋ ಹಚ್ಚಬೇಕು. ನಡುಹಗಲಿನ ಬಿಸಿಲಿನಲ್ಲಿ ಕೆಲಸ ಮಾಡಬಾರದು. ಮುಸ್ಸಂಜೆಯೋ ನೆರಳೋ ಉತ್ತಮ. ಆಗಲೂ ಕಾಣದಿದ್ದರೆ ಚಿಮುಟವು ತಪ್ಪಾದ ತಂತಿಯ ಮೇಲಿರಬಹುದು. ಮೇಲೆ ಹೇಳಿದ 1-3-4-2 ಸರದಿಯ ಎಂಜಿನಿನಲ್ಲಿ ಒಂದನೆಯ ಮತ್ತು ನಾಲ್ಕನೆಯ ಪಿಸ್ಟನುಗಳು ಒಟ್ಟಿಗೆ ಏರುವುವು. ಎರಡನೆಯದೂ ಮೂರನೆಯದೂ ಅವಕ್ಕೆ ಎದುರಾಗಿ ಇಳಿಯುವುವು. ಎರಡನೆಯ ಅಥವಾ ಮೂರನೆಯ ತಂತಿಗೆ ಚಿಮುಟವಿಟ್ಟರೆ ಗುರುತು ಅರ್ಧ ಸುತ್ತು ಆಚೆ, ಕಣ್ಣಿಗೆ ಬೀಳದ ಕಡೆ ಇರುತ್ತದೆ.

(5) ಗುರುತು ಕಂಡರೂ ಅಸಂಭವವಾದ ಸ್ಥಳದಲ್ಲಿ ಕಂಡರೆ, ದೀಪದ ಹಿಂದಿನ ತಿರುಪು ಸೊನ್ನೆಯಲ್ಲಿದೆಯೇ ಎಂದು ನೋಡಬೇಕು. ಈ ತಿರುಪು ಮಿಂಚನ್ನು ಬೇಕಾದಷ್ಟು ಡಿಗ್ರಿ ತಡೆದು ಹಾರಿಸುವುದಕ್ಕಾಗಿ ಇರುವುದು. ಅದನ್ನರಿಯದೆ ಬಳಸಿದರೆ ಆಗುವ ಫಲವನ್ನು ನನ್ನ ಜೀಪು ತೋರಿಸಿಕೊಟ್ಟಿದೆ. ಸುತ್ತಿಗೊಂದು ಕಿಡಿ ಹಾರಿಸುವ ಮ್ಯಾಗ್ನೆಟೋ ಎಂಜಿನುಗಳಲ್ಲಿ, ಎರಡು ಸುತ್ತಿಗೊಂದು ಕಿಡಿಯೆಂದು ಎಣಿಸುವ ದೀಪದ ಲೆಕ್ಕವೇ ತಪ್ಪುವುದರಿಂದ, ತಿರುಪು ಹತ್ತು ಎಂದು ತೋರಿಸಿದ್ದು ವಾಸ್ತವದಲ್ಲಿ ಐದೇ ಆಗಬಹುದು. ಆದುದರಿಂದ ತಿರುಪನ್ನು ಸೊನ್ನೆಯಲ್ಲಿಟ್ಟು ಪುಲ್ಲಿಯ ಗುರುತನ್ನೇ ಓದುವುದು ನಿರ್ಭಯವಾದ ಮಾರ್ಗ.

(6) ತಿರುಪೂ ಸರಿಯಿದ್ದರೆ ಪುಲ್ಲಿಯ ಗುರುತನ್ನೇ ಸಂಶಯಿಸಬೇಕು. ಕೆಲವು ಎಂಜಿನುಗಳ ಪುಲ್ಲಿಯು ನಡುವೆ ರಬ್ಬರು ಇಟ್ಟು ಎರಡು ಬಳೆಗಳಾಗಿ ಮಾಡಿದ್ದಾಗಿರುತ್ತದೆ. ರಬ್ಬರು ಹಳತಾದರೆ ಹೊರಬಳೆಯು ಜಾರಿ, ಗುರುತೂ ಜಾರುತ್ತದೆ. ಎಂಜಿನನ್ನು ನಿಲ್ಲಿಸಿ, ಪ್ಲಗ್ಗು ಬಿಚ್ಚಿ, ಕೈಯಿಂದ ಮೆಲ್ಲಗೆ ತಿರುಗಿಸುತ್ತ, ಪಿಸ್ಟನು ಮೇಲ್ತುದಿಗೆ ಬಂದಾಗ ಗುರುತು ಸೊನ್ನೆಗೆ ಬರುವುದೋ ಎಂದು ನೋಡಿದರೆ ಸಂಶಯ ನಿವಾರಣೆಯಾಗುತ್ತದೆ.

(7) ಗುರುತು ಒಂದೆಡೆ ನಿಲ್ಲದೆ ಅತ್ತಿತ್ತ ನಡುಗುತ್ತಿದ್ದರೆ, ಡಿಸ್ಟ್ರಿಬ್ಯೂಟರಿನ ದಂಡದ ಬುಷ್ ಸವೆದಿದೆ, ಅಥವಾ ಅದನ್ನು ತಿರುಗಿಸುವ ಹಲ್ಲುಚಕ್ರಗಳು ಸಡಿಲವಾಗಿವೆ ಎಂದು ತಿಳಿಯಬೇಕು. ವೇಗ ಏರಿಸಿದರೂ ಗುರುತು ಮುಂದೆ ಸರಿಯದಿದ್ದರೆ ಒಳಗಿನ ತೂಕಗಳು ತುಕ್ಕಿನಿಂದ ಹಿಡಿದುಕೊಂಡಿವೆ. ವೇಗ ಇಳಿಸಿದ ಮೇಲೂ ಹಿಂದಕ್ಕೆ ಬಾರದಿದ್ದರೆ ಸ್ಪ್ರಿಂಗು ಸೋತಿದೆ ಅಥವಾ ಕಳಚಿದೆ. ಗಾಳಿಯ ಸೆಳೆತದಿಂದ ಕಿಡಿಯನ್ನು ಸರಿಸುವ ರಬ್ಬರು ಕೊಳವೆಯಿದ್ದಲ್ಲಿ, ತಯಾರಕರ ಪುಸ್ತಕದಲ್ಲಿ ಹೇಳಿರುವ ಪ್ರಕಾರ ಅದನ್ನು ಕಳಚಿ ಬಾಯಿ ಮುಚ್ಚಿ ನೋಡಬೇಕು.

ಈ ಎಲ್ಲಕ್ಕೂ ಮೊದಲು ಪಾಯಿಂಟಿನ ಸಂದನ್ನು ಫಿಲ್ಲರ್ ಗೇಜಿನಿಂದ ಅಳೆದು ಸರಿಪಡಿಸಿರಬೇಕೆಂಬುದನ್ನು ಮರೆಯಬಾರದು. ಸಂದು ಹಿಗ್ಗಿದರೆ ಪಾಯಿಂಟು ಬೇಗ ತೆರೆದು ಕಿಡಿಯು ಮುಂದೆ ಬರುತ್ತದೆ. ಕುಗ್ಗಿದರೆ ಹಿಂದೆ ಹೋಗುತ್ತದೆ. ಮೊದಲು ಟೈಮಿಂಗ್ ಇಟ್ಟು ಆಮೇಲೆ ಸಂದನ್ನು ತಿದ್ದುವವನು ತಾನು ಮಾಡಿದ ಕೆಲಸವನ್ನು ತಾನೇ ಕೆಡಿಸಿದಂತಾಗುತ್ತದೆ. ಹಾಗೆಯೇ ಕೆಟ್ಟ ಪೆಟ್ರೋಲಿನ ತಪ್ಪನ್ನು ಕಿಡಿಯ ಮೇಲೆ ಹೊರಿಸಬಾರದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲವೆಲ್ಲ ಟಾಂಕಿಯಲ್ಲಿ ನಿಂತ ಪೆಟ್ರೋಲಿನಿಂದ ಮಾರ್ಗಶಿರದಲ್ಲಿ ಪಂಪು ಹೊರಡದಿದ್ದರೆ, ಟೈಮಿಂಗನ್ನು ಮುಟ್ಟದೆ ಮೊದಲು ಪೆಟ್ರೋಲನ್ನು ಬದಲಾಯಿಸತಕ್ಕದ್ದು.

ದೀಪವಿಲ್ಲದವರ ಉಪಾಯ

ದೀಪವು ಇಲ್ಲದಿದ್ದರೂ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಬ್ಯಾಟರಿಯಿರುವ ಎಂಜಿನಿನಲ್ಲಿ 12 ವೋಲ್ಟಿನ ಒಂದು ಚಿಕ್ಕ ಬಲ್ಬಿನ ಒಂದು ತಂತಿಯನ್ನು ಡಿಸ್ಟ್ರಿಬ್ಯೂಟರಿಗೆ ಹೋಗುವ ಕಾಯಿಲಿನ ತಂತಿಗೂ, ಇನ್ನೊಂದನ್ನು ಎಂಜಿನಿನ ಮೈಗೂ ತಾಗಿಸಿ, ಚಾವಿ ಹಾಕಿ, ಎಂಜಿನನ್ನು ಕೈಯಿಂದ ಅದು ತಿರುಗುವ ದಿಕ್ಕಿನಲ್ಲಿಯೇ ಮೆಲ್ಲಗೆ ತಿರುಗಿಸಬೇಕು. ಪಾಯಿಂಟು ತೆರೆದ ಕ್ಷಣದಲ್ಲಿ ಬಲ್ಬು ಹತ್ತುತ್ತದೆ. ಆಗ ಗುರುತು ಎಲ್ಲಿದೆಯೆಂದು ನೋಡಿದರಾಯಿತು. ತಿರುಗಿಸುವುದಕ್ಕೆ ಮೊದಲು ಪ್ಲಗ್ಗುಗಳನ್ನು ಬಿಚ್ಚಿ, ಕಾಯಿಲಿನ ನಡುವಿನ ದಪ್ಪ ತಂತಿಯನ್ನು ಕಳಚಿ ಮೈಗೆ ತಾಗಿಸಿಡುವುದು ಕ್ಷೇಮಕರ. ಓಡುವ ಎಂಜಿನಿನ ನಡತೆಯನ್ನು ಈ ಬಲ್ಬು ತೋರಿಸಲಾರದು. ಆದರೆ ದೀಪವು ಹೇಳಿದ ಮಾತಿಗೆ ಇದು ಎರಡನೆಯ ಸಾಕ್ಷಿಯಾಗುತ್ತದೆ. ಅಂದು ನಾನು ಈ ಸಾಕ್ಷಿಯನ್ನು ಕೇಳಿದ್ದರೆ ಹನ್ನೆರಡು ಡಿಗ್ರಿಯ ಸುಳ್ಳು ಐದು ನಿಮಿಷದಲ್ಲಿ ಬಯಲಾಗುತ್ತಿತ್ತು.

ಒಂದು ಎಚ್ಚರಿಕೆ

ದೀಪದ ಬೆಳಕಿನಲ್ಲಿ ತಿರುಗುವ ಭಾಗಗಳು ನಿಂತಂತೆ ಕಾಣುವುದೇ ಇದರ ಉಪಯೋಗ. ಅದೇ ಇದರ ಅಪಾಯವೂ ಹೌದು. ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಿರುವ ಪುಲ್ಲಿಯೂ ಅದರ ಬೆಲ್ಟೂ ಮುಸ್ಸಂಜೆಯ ಮಬ್ಬಿನಲ್ಲಿ ಕದಲದೆ ನಿಂತಿರುವಂತೆ ಕಣ್ಣಿಗೆ ತೋರುವುವು. ಫ್ಯಾನಿನ ಎಲೆಗಳೂ ಹಾಗೆಯೇ ಮೋಸಮಾಡುವುವು. ಗುರುತನ್ನು ಒರಸಲೆಂದು ಬೆರಳು ಚಾಚಿದ ಹುಡುಗನೊಬ್ಬನ ಕೈಯನ್ನು ನಾನೇ ಎಳೆದು ಹಿಂದಕ್ಕೆ ತಂದಿದ್ದೇನೆ. ಒಂದು ಕ್ಷಣ ತಡವಾಗಿದ್ದರೆ ಅವನಿಗೆ ಬೆರಳುಗಳಿರುತ್ತಿರಲಿಲ್ಲ. ಆದುದರಿಂದ ಒರಸುವುದು, ಸುಣ್ಣ ಹಚ್ಚುವುದು, ಚಿಮುಟ ಹಾಕುವುದು, ತೆಗೆಯುವುದು ಇವೆಲ್ಲವನ್ನೂ ಎಂಜಿನು ನಿಂತಾಗಲೇ ಮಾಡತಕ್ಕದ್ದು. ಬೈರಾಸನ್ನು ಹೆಗಲಿನಿಂದ ತೆಗೆದಿಟ್ಟು, ಮುಂಡನ್ನು ಎತ್ತಿ ಕಟ್ಟಿಕೊಂಡು ನಿಲ್ಲಬೇಕು. ಮಳೆಯೆಂದು ಮುಚ್ಚಿದ ಕೊಟ್ಟಿಗೆಯೊಳಗೆ ಎಂಜಿನು ಓಡಿಸಬಾರದು. ಹೊಗೆಯೊಡನೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ತಿಳಿಯದಂತೆಯೇ ಪ್ರಾಣವನ್ನು ಒಯ್ಯುತ್ತದೆ.

ಆಕ್ಷೇಪಗಳಿಗೆ ಸಮಾಧಾನ

“ಈಗ ಎಲ್ಲೆಲ್ಲಿಯೂ ಕರೆಂಟಿನ ಪಂಪು, ಗದ್ದೆಗೆ ಡೀಸೆಲ್ ಟಿಲ್ಲರು. ಹೊಸ ಪೆಟ್ರೋಲು ಎಂಜಿನುಗಳಲ್ಲಿ ಪಾಯಿಂಟೇ ಇಲ್ಲ. ಈ ಹಳೆಯ ವಿದ್ಯೆಯಿಂದ ಪ್ರಯೋಜನವೇನು?” ಎಂದು ಕೇಳುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯೇ ಇಲ್ಲದಿರುವುದರಿಂದ ನಾವು ವಿವರಿಸಿದ ದೀಪವು ಅಲ್ಲಿ ನಡೆಯದು. ಅದರ ಇಂಧನದ ವೇಳೆಯನ್ನು ಡೀಸೆಲ್ ಪಂಪು ಬಲ್ಲವರೇ ಸರಿಪಡಿಸಬೇಕು. ಆದರೆ ಉಳಿದರ್ಧವನ್ನು ಒಪ್ಪಲಾಗದು. ಚೈತ್ರ ವೈಶಾಖಗಳಲ್ಲಿ, ತೋಟಕ್ಕೆ ನೀರು ಅತ್ಯಗತ್ಯವಾದ ಕಾಲದಲ್ಲಿಯೇ, ಸಂಜೆಯ ಗುಡುಗುಗಾಳಿಗೆ ಮರ ಬಿದ್ದು ಕಾಡಿನ ನಡುವಿನ ವಿದ್ಯುತ್ ತಂತಿಗಳು ಕಡಿದುಹೋಗುವುದನ್ನು ಘಾಟಿಯ ಬುಡದಲ್ಲಿರುವ ನಾವು ಬಲ್ಲೆವು. ಆಗ ಸೀತಾನದಿಯ ಬದಿಯಿಂದಲೂ ಅದನ್ನು ಸೇರುವ ತೋಡುಗಳಿಂದಲೂ ನೀರೆತ್ತುವುದು ಮೂಲೆಯಲ್ಲಿದ್ದ ಹಳೆಯ ಪೆಟ್ರೋಲು ಪಂಪೇ. ಔಷಧ ಸಿಂಪಡಿಸುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ, ಇವುಗಳಲ್ಲಿಯೂ ಕಿಡಿಯೇ ಜೀವ.

ಪಾಯಿಂಟಿಲ್ಲದ ಹೊಸ ಎಂಜಿನಿನಲ್ಲಿ ಟೈಮಿಂಗನ್ನು ತಿದ್ದುವಂತಿಲ್ಲ ಎಂಬುದು ನಿಜ. ಆದರೆ ಅದು ತಪ್ಪುವುದೇ ಇಲ್ಲವೆಂಬುದು ನಿಜವಲ್ಲ. ಫ್ಲೈವೀಲನ್ನು ದಂಡಕ್ಕೆ ಕೂಡಿಸುವ ಚಿಕ್ಕ ಕೀಲಿಯೊಂದಿದೆ. ಫ್ಲೈವೀಲಿನ ನಟ್ಟು ಸಡಿಲವಾಗಿದ್ದರೆ, ಅಥವಾ ಎಂಜಿನಿನ ದಂಡಕ್ಕೇ ನೇರವಾಗಿ ಕೂಡಿಸಿರುವ ಅಲಗು ಕಲ್ಲಿಗೆ ಬಡಿದು ಥಟ್ಟನೆ ನಿಂತರೆ, ಆ ಕೀಲಿಯು ಅರೆಬರೆ ಕತ್ತರಿಸಿ ಫ್ಲೈವೀಲು ಸ್ವಲ್ಪ ಜಾರುತ್ತದೆ. ಆಮೇಲೆ ಹಗ್ಗ ಎಳೆದಾಗ ಎಂಜಿನು ಹಿಂದಕ್ಕೆ ಒದೆಯುತ್ತದೆ. ಕಾರಣ ತಿಳಿಯದವರು ಕಾಯಿಲು, ಪ್ಲಗ್ಗು, ಕಾರ್ಬುರೇಟರು ಎಂದು ಒಂದೊಂದಾಗಿ ಕೊಂಡು ಹಾಕಿ, ಕಡೆಗೆ ಯಂತ್ರವನ್ನೇ ಗುಜರಿಗೆ ಕೊಡುತ್ತಾರೆ. ಕಾರಣವೋ ಒಂದು ಚಿಕ್ಕ ಲೋಹದ ತುಂಡು.

ಮುಖಂಡರಲ್ಲಿ ವಿಜ್ಞಾಪನೆ

ಇಷ್ಟಾದ ಮೇಲೆ ನನ್ನ ಅಭಿಪ್ರಾಯವನ್ನು ನಿವೇದಿಸುತ್ತೇನೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪುತ್ತೂರಿನ ಮೊಳಹಳ್ಳಿ ಶಿವರಾಯರು ನಮ್ಮ ಜಿಲ್ಲೆಯಲ್ಲಿ ಸಹಕಾರದ ಬೀಜವನ್ನು ಬಿತ್ತಿದಾಗ, ಒಬ್ಬನ ಕೈಗೆ ಎಟುಕದ್ದು ಹತ್ತು ಮಂದಿಯ ಕೈಗೆ ಎಟುಕುವುದೆಂಬುದೇ ಅದರ ತಿರುಳಾಗಿತ್ತು. ವರ್ಷಕ್ಕೆ ಎರಡು ಸಲ ಬೇಕಾಗುವ ಟೈಮಿಂಗ್ ದೀಪವನ್ನು ಪ್ರತಿ ಮನೆಯವರೂ ಕೊಳ್ಳಬೇಕಾಗಿಲ್ಲ. ಗ್ರಾಮದ ಸಹಕಾರ ಸಂಘದಲ್ಲಿ ತಿರುಪಿಲ್ಲದ ಸಾದಾ ದೀಪವೊಂದು, 12 ವೋಲ್ಟಿನ ಬ್ಯಾಟರಿಯೊಂದು, ಒಂದು ಫಿಲ್ಲರ್ ಗೇಜು, ಒಂದು ಬಲ್ಬು, ಇಷ್ಟಿದ್ದರೆ ಸಾಕು. ದೀಪವನ್ನು ಕೊಂಡುಹೋದವರು ಹಿಂದಕ್ಕೆ ಕೊಡುವಾಗ ಅದು ಹೇಗೆ ನಡೆಯಿತೆಂದು ಒಂದು ಪುಸ್ತಕದಲ್ಲಿ ಬರೆಯಬೇಕು. ಕೆಟ್ಟ ದೀಪವು ಮನೆಯಿಂದ ಮನೆಗೆ ಹೋಗಿ ಎಂಜಿನುಗಳನ್ನು ಕೆಡಿಸುವುದು ಇದರಿಂದ ತಪ್ಪುತ್ತದೆ.

ಎರಡನೆಯದಾಗಿ, ಪ್ರತಿಯೊಂದು ಎಂಜಿನಿಗೂ ಒಂದು ಜಾತಕವಿರಬೇಕು. ಪಾಯಿಂಟಿನ ಸಂದೆಷ್ಟು, ಪ್ಲಗ್ಗಿನ ಸಂದೆಷ್ಟು, ಕಿಡಿಯು ಎಷ್ಟು ಡಿಗ್ರಿಗೆ, ಕೊನೆಯ ಸಲ ಯಾವಾಗ ನೋಡಲಾಯಿತು ಎಂಬ ನಾಲ್ಕು ಸಾಲುಗಳನ್ನು ಪಂಪಿನ ಕೋಣೆಯ ಗೋಡೆಯ ಮೇಲೆ ಬರೆದಿಟ್ಟರೂ ಆಯಿತು. ಹಸು ಗಬ್ಬವಾದ ದಿನವನ್ನು ಬರೆದಿಡುವ ಮನೆಯವರಿಗೆ ಇದು ಭಾರವಲ್ಲ.

ಮೂರನೆಯದು ಎಲ್ಲಕ್ಕಿಂತಲೂ ಮುಖ್ಯವಾದುದು. ಪ್ರತಿಯೊಂದು ಗ್ರಾಮದಲ್ಲಿಯೂ ಯಂತ್ರದ ಮೇಲೆ ಮನಸ್ಸುಳ್ಳ ಒಬ್ಬಿಬ್ಬರು ಹುಡುಗರಿರುತ್ತಾರೆ. ಬೆಂಗಳೂರಿಗೋ ಮುಂಬಯಿಗೋ ಹೋಗದೆ ಊರಿನಲ್ಲಿಯೇ ಉಳಿದ ಇವರನ್ನು ನಾವು ಕೆಲಸ ಕೆಟ್ಟಾಗ ಕರೆಯುತ್ತೇವೆ, ಅವಸರಪಡಿಸುತ್ತೇವೆ, ಕೆಲಸ ಕೆಟ್ಟರೆ ಬಯ್ಯುತ್ತೇವೆ. ಅವರಿಗೆ ಕಲಿಯುವುದಕ್ಕೆ ಅನುಕೂಲವನ್ನು ಒದಗಿಸುವುದೂ, ಅವರು “ಮೊದಲು ದೀಪವನ್ನು ಪರೀಕ್ಷಿಸೋಣ” ಎಂದಾಗ ಸುಮ್ಮನಿದ್ದು ಅದಕ್ಕೆ ಬೇಕಾದ ಅರ್ಧ ಗಂಟೆಯನ್ನು ಕೊಡುವುದೂ ಊರಿನ ಹಿರಿಯರ ಕರ್ತವ್ಯ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸು “ಕೆಸರು ಇನ್ನೂ ಹದವಾಗಿಲ್ಲ” ಎಂದರೆ ನಾವು ಕಾಯುತ್ತೇವೆ. ಆಕೆಯ ಕಾಲಿಗೆ ತಿಳಿದಿರುವುದು ನಮ್ಮ ಅಧಿಕಾರಕ್ಕೆ ತಿಳಿದಿರುವುದಿಲ್ಲವೆಂದು ಬಲ್ಲೆವು. ಎಂಜಿನಿನ ಬಳಿ ನಿಂತ ಹುಡುಗನಿಗೂ ಅದೇ ಮರ್ಯಾದೆ ಸಲ್ಲಬೇಕು.

ನನ್ನ ಜೀಪಿಗೆ ಈಗ ಹೊಸ ಪಿಸ್ಟನು ಬಂದಿದೆ. ಸಸಿಗಳನ್ನು ಮರುವರ್ಷ ತಂದು ನೆಟ್ಟೆವು, ಅವು ಚೆನ್ನಾಗಿವೆ. ಆದರೆ ತೋಟದಲ್ಲಿ ಆ ಸಾಲುಗಳು ಉಳಿದವುಗಳಿಗಿಂತ ಒಂದು ವರ್ಷ ಗಿಡ್ಡವಾಗಿಯೇ ಕಾಣುತ್ತವೆ. ಆ ದಾರಿಯಾಗಿ ಹೋಗುವಾಗಲೆಲ್ಲ ಹುಡುಗನ ಮಾತು ನನಗೆ ನೆನಪಾಗುತ್ತದೆ. ಬರುವ ಮಳೆಗಾಲಕ್ಕೆ ಮೊದಲು ವಾಚಕರು ತಮ್ಮ ತಮ್ಮ ಊರುಗಳಲ್ಲಿ ಈ ವಿಷಯವನ್ನು ಚರ್ಚಿಸಿ ಕಾರ್ಯಕ್ಕೆ ತರುವರೆಂದು ಆಶಿಸುತ್ತೇನೆ.